"ಸಾಕು, ಇನ್ನು ಕೊಡಲ್ಲ, ಹೊರಡಿ" ಅನ್ನೋ ಹಕ್ಕು ಬಾರಿನವರಿಗೆ ಇದೆಯಾ? ಶನಿವಾರದ ಘಟನೆ ಆದಮೇಲೆ ಕೇಳ್ತಾ ಇದ್ದೇನೆ

ಕೌಂಟರ್ ಹುಡುಗ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಮ್ಮ ಮಾವನದ್ದು ಸಣ್ಣ ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಸಿಎಲ್-9 ಲೈಸೆನ್ಸ್. ಸಂಜೆ ಆರರಿಂದ ಶಟರ್ ಎಳೆಯುವವರೆಗೆ ಕ್ಯಾಶ್ ಕೌಂಟರಿನಲ್ಲಿ ನಾನೇ ಕೂರುತ್ತೇನೆ. ಕಳೆದ ಶನಿವಾರ ಆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳ್ತೇನೆ, ಯಾರದ್ದು ತಪ್ಪು ಅಂತ ನೀವೇ ಹೇಳಿ.

ನಮ್ಮಲ್ಲಿ ಒಬ್ಬರು ಖಾಯಂ ಗಿರಾಕಿ ಇದ್ದಾರೆ. ಐವತ್ತು ದಾಟಿದವರು. ವಾರಕ್ಕೆ ನಾಲ್ಕು ದಿನ ಬರುತ್ತಾರೆ. ಕಿಟಕಿ ಪಕ್ಕದ ನಾಲ್ಕನೇ ಟೇಬಲ್, ಎರಡು ನೈಂಟಿ, ಒಂದು ಬಾಂಗಡೆ ಫ್ರೈ. ಬಿಲ್ ಕೊಟ್ಟು ಸುಮ್ನೆ ಎದ್ದು ಹೋಗುವವರು. ಆವತ್ತು ಬೇರೆ ಎಲ್ಲೋ ಕುಡಿದೇ ಬಂದಿದ್ದರು, ನನಗೆ ಮೊದಲು ಗೊತ್ತಾಗಲಿಲ್ಲ. ಒಂದು ನೈಂಟಿ ಕೊಟ್ಟೆವು. ಎರಡನೆಯದ್ದು ಕೇಳುವಾಗ ಖಾಲಿ ಗ್ಲಾಸನ್ನು ಟೇಬಲ್ ಮೇಲೆ ಇಟ್ಟರು ಅಂದುಕೊಂಡರು, ಟೇಬಲ್ ಅಂಚು ಎರಡು ಬೆರಳು ಆಚೆ ಇತ್ತು. ಗ್ಲಾಸ್ ಬಿದ್ದು ಒಡೆಯಿತು. ಆಗ ನಾನು ಸಪ್ಲೈಯರಿಗೆ "ಇನ್ನು ಬೇಡ" ಅಂತ ಕಣ್ಣಲ್ಲೇ ಹೇಳಿದೆ.

ಅವರಿಗೆ ಸಿಟ್ಟು ಬಂತು. ಕೌಂಟರಿಗೆ ಬಂದು ಕೈ ಬಡಿದು "ದುಡ್ಡು ನನ್ನದು, ಹೊಟ್ಟೆ ನನ್ನದು, ಕೊಡಲ್ಲ ಅನ್ನೋಕೆ ನೀನ್ಯಾರು" ಅಂದರು. ಪಕ್ಕದ ಟೇಬಲಿನಲ್ಲಿ ಊಟಕ್ಕೆ ಬಂದ ಫ್ಯಾಮಿಲಿ ಇತ್ತು, ಅವರಿಗೂ ಬೈದರು. ಅಷ್ಟರಲ್ಲಿ ನಮ್ಮ ಹೊಸ ಸಪ್ಲೈಯರ್ ಹುಡುಗ ಕಾಲರ್ ಹಿಡಿದು ಬಾಗಿಲ ತನಕ ದೂಡಿಕೊಂಡು ಹೋದ. ಹೊರಗೆ ಎರಡು ಮೆಟ್ಟಿಲು ಇವೆ, ಮಳೆಗೆ ಒದ್ದೆ. ಅವರು ಬಿದ್ದರು. ಮೊಣಕಾಲು, ಮೊಣಕೈ ಎರಡೂ ಕಿತ್ತು ಹೋಯಿತು. ಎದ್ದು ಸ್ಕೂಟರ್ ಹತ್ತಲು ಹೋದರು. ಆಗ ಮಾತ್ರ ನಾನು ಓಡಿ ಹೋಗಿ ಕೀ ತೆಗೆದುಕೊಂಡೆ, ಆಟೋ ಮಾಡಿ ಕಳಿಸಿದೆ. ಒಂದು ಚಪ್ಪಲಿ ಒಳಗೇ ಉಳಿಯಿತು, ಈಗಲೂ ಕೌಂಟರ್ ಕೆಳಗೆ ಇದೆ.

ಮರುದಿನ ಅವರ ಅಳಿಯ ನಾಲ್ಕು ಜನರನ್ನು ಕರೆದುಕೊಂಡು ಬಂದ. ಕೀ ತೆಗೆದುಕೊಂಡ. "ಗಿರಾಕಿಗೆ ಕೊಡಲ್ಲ ಅನ್ನೋಕೆ ಯಾವ ಕಾನೂನಿದೆ, ಕೇಸ್ ಹಾಕ್ತೇವೆ" ಅಂದ. ನನಗೆ ಕೇಸಿನ ಹೆದರಿಕೆಗಿಂತ ಜಾಸ್ತಿ ಅವರು ಬಿದ್ದದ್ದು ಕಣ್ಣ ಮುಂದೆ ಬರುತ್ತದೆ. ಕೊಡದೆ ಇದ್ದದ್ದು ತಪ್ಪಾ? ಹೊರಗೆ ಕಳಿಸಿದ್ದು ತಪ್ಪಾ? ಕೀ ತೆಗೆದುಕೊಂಡದ್ದು ತಪ್ಪಾ?

ಶರಾವತಿ ದಂಡೆ

ಇದರಲ್ಲಿ ಕೇಳುವುದೇನಿದೆ ಮಾರಾಯ? ನಿಮ್ಮ ಜಾಗ, ನಿಮ್ಮ ಬಾಗಿಲು. ಬೇಕಾದವರಿಗೆ ಕೊಡಿ, ಬೇಡದವರಿಗೆ ಇಲ್ಲ. ಹೊನ್ನಾವರದಲ್ಲಿ ಎಷ್ಟು ಕಡೆ ಬೋರ್ಡ್ ನೋಡಿದ್ದೇನೆ, "ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ" ಅಂತ. ನೀವೂ ಒಂದು ಬೋರ್ಡ್ ಹಾಕಿ, ಮುಗಿಯಿತು.

ಅಬಕಾರಿಯಲ್ಲಿದ್ದವ, ಅಂಕೋಲಾ

ತಮ್ಮಾ, ನಾನು ಅಬಕಾರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೊಡದೆ ಇದ್ದದ್ದು ತಪ್ಪಾ ಅಂತ ಕೇಳಿದೆಯಲ್ಲ, ಕೊಟ್ಟಿದ್ದರೆ ತಪ್ಪಾಗುತ್ತಿತ್ತು. ಲೈಸೆನ್ಸಿನ ಜೊತೆ ಷರತ್ತುಗಳು ಬರುತ್ತವೆ. 1967ರ ಸಾಮಾನ್ಯ ಷರತ್ತುಗಳ ನಿಯಮ ಅಂತ ಇದೆ, ಹತ್ತನೇ ನಿಯಮ ತೆಗೆದು ಓದು. ಅಮಲು ಏರಿದವನಿಗೆ ಮತ್ತೆ ಕೊಡಬಾರದು. ಒಳಗೆ ಗಲಾಟೆ ಆಗಲು ಬಿಡಬಾರದು. ಲೈಸೆನ್ಸ್ ಮಾವನ ಹೆಸರಿನಲ್ಲಿದ್ದರೆ ಒಳಗೆ ಆದ ಗಲಾಟೆಗೆ ಮಾವನೇ ಉತ್ತರ ಹೇಳಬೇಕು, ಕುಡಿದವನಲ್ಲ.

ಸಾರಾಯಿ ವ್ಯಾಪಾರ ಉಳಿದ ವ್ಯಾಪಾರದ ಹಾಗಲ್ಲ. ಅದು ಯಾರ ಮೂಲಭೂತ ಹಕ್ಕೂ ಅಲ್ಲ ಅಂತ ಸುಪ್ರೀಂ ಕೋರ್ಟ್ ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಕೇಸಿನಲ್ಲೇ ಹೇಳಿದೆ. ಮಾರುವವನಿಗೇ ಆ ಹಕ್ಕು ಇಲ್ಲ, ಕುಡಿಯುವವನಿಗೆ "ಕೊಡಲೇಬೇಕು" ಅನ್ನುವ ಹಕ್ಕು ಎಲ್ಲಿಂದ ಬರಬೇಕು? ಟೈಮ್ ವಿಷಯವೂ ಅಷ್ಟೇ. ನಮ್ಮ ಕಡೆ ಸಿಎಲ್-9ಕ್ಕೆ ರಾತ್ರಿ 11:30 ಕಡೆ. ಆಮೇಲೆ "ಒಂದೇ ಒಂದು" ಅಂತ ಕೈ ಮುಗಿದರೂ ಕೊಡಬೇಡ.

ಮಾಜಾಳಿ ಗಡಿ

ಅಣ್ಣಾ, ವಯಸ್ಸಿನ ವಿಷಯ ಕೇಳ್ತೇನೆ, ಇದೇ ಜಾಗದಲ್ಲಿ ಕೇಳಬಹುದಲ್ವಾ. ನನಗೆ 19. ನಮ್ಮ ಮನೆಯಿಂದ ಬೈಕಿನಲ್ಲಿ ಸ್ವಲ್ಪ ಹೊತ್ತು ಹೋದರೆ ಗೋವಾದ ಪೋಳೆಂ, ಅಲ್ಲಿ ಏನೂ ಕೇಳದೆ ಬಿಯರ್ ಕೊಡುತ್ತಾರೆ. ಕಾರವಾರದಲ್ಲಿ ಕಸಿನ್ ಮದುವೆಗೆ ಬಂದವರ ಜೊತೆ ಕೂತಾಗ ನನ್ನೊಬ್ಬನನ್ನೇ ಎಬ್ಬಿಸಿದರು, ಆಧಾರ್ ಕೇಳಿ. ಎಲ್ಲರ ಎದುರಿಗೆ. ವೋಟ್ ಹಾಕಬಹುದು, ಇದಕ್ಕೆ ಮಾತ್ರ ಆಗಲ್ಲ ಅಂದರೆ ಹೇಗೆ?

ಅಬಕಾರಿಯಲ್ಲಿದ್ದವ, ಅಂಕೋಲಾ

ಗೋವಾದಲ್ಲಿ 18. ನಮ್ಮಲ್ಲಿ ನಿಯಮದ ಪ್ರಕಾರ 21. ಇದರಲ್ಲಿ ಗೊಂದಲ ಇರುವುದು ನಿಜ. 1965ರ ಅಬಕಾರಿ ಕಾಯ್ದೆಯಲ್ಲಿ 18 ಅಂತ ಇದೆ, 1967ರ ನಿಯಮದಲ್ಲಿ 21 ಅಂತ ಇದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಬಂತು, ವಿರೋಧ ಜಾಸ್ತಿ ಆಯಿತು, ಸರ್ಕಾರ ಹಿಂದೆ ತೆಗೆದುಕೊಂಡಿತು. ಹಾಗಾಗಿ ಬಾರಿನವರು 21 ಅಂತಲೇ ನೋಡುತ್ತಾರೆ. ನಿನ್ನನ್ನು ಎಬ್ಬಿಸಿದ್ದು ಸರಿ. ಎಲ್ಲರ ಎದುರು ನಾಚಿಕೆ ಆಗುವ ಹಾಗೆ ಎಬ್ಬಿಸುವ ಅಗತ್ಯ ಇರಲಿಲ್ಲ. ಮತ್ತೆ ಪೋಳೆಂನಿಂದ ಕುಡಿದು ಬೈಕ್ ಹೊಡೆದುಕೊಂಡು ಬರಬೇಡ ಮಗಾ, ಆ ಹೈವೇಯಲ್ಲಿ ನಾನು ನೋಡಿದ್ದು ಸಾಕು.

ಕುಮಟಾ ಕೋರ್ಟ್

ನಾನು ವಕೀಲ. ಕೌಂಟರಿನ ಹುಡುಗನಿಗೆ ನೇರವಾಗಿ ಹೇಳ್ತೇನೆ. ಕೊಡಲ್ಲ ಅಂದದ್ದು ಸರಿ. ಹೊರಡಿ ಅಂದದ್ದೂ ಸರಿ. ದೂಡಿದ್ದು ತಪ್ಪು.

ಬಾರಿಗೆ ಬರುವವನು ಮಾಲೀಕನ ಅನುಮತಿಯ ಮೇಲೆ ಬರುತ್ತಾನೆ. ಬಾಗಿಲು ತೆರೆದಿಟ್ಟದ್ದೇ ಅನುಮತಿ, ಬಾಯಿಬಿಟ್ಟು ಹೇಳಬೇಕೆಂದಿಲ್ಲ. ಆ ಅನುಮತಿ ವಾಪಸ್ ತೆಗೆದುಕೊಳ್ಳಬಹುದು. 1882ರ ಈಸ್‌ಮೆಂಟ್ ಕಾಯ್ದೆ ಇದರ ಬಗ್ಗೆಯೇ ಹೇಳುತ್ತದೆ. ಅದು 1891ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಬಂತು, ನಮ್ಮ ಜಿಲ್ಲೆ ಆಗ ಮುಂಬಯಿಯಲ್ಲೇ ಇತ್ತು, ಹಾಗಾಗಿ ನಮ್ಮಲ್ಲಿ ಇದು ಹಳೇ ಕಾನೂನು. ಆದರೆ 63ನೇ ಕಲಮಿನಲ್ಲಿ ಒಂದು ಮಾತು ಇದೆ, ಅದನ್ನು ಯಾರೂ ಓದುವುದಿಲ್ಲ. ಅನುಮತಿ ಹಿಂದೆ ತೆಗೆದುಕೊಂಡ ಮೇಲೂ ಆ ಮನುಷ್ಯನಿಗೆ ಹೊರಡಲು, ತನ್ನ ಸಾಮಾನು ತೆಗೆದುಕೊಳ್ಳಲು ತಕ್ಕಷ್ಟು ಸಮಯ ಕೊಡಬೇಕು. ಕೌಂಟರ್ ಕೆಳಗಿರುವ ಆ ಚಪ್ಪಲಿಯೂ ಸಾಮಾನೇ. ಚಪ್ಪಲಿ ಹಾಕಿಕೊಳ್ಳುವಷ್ಟು ಸಮಯವನ್ನೂ ನೀವು ಕೊಡಲಿಲ್ಲ ಅಂತ ನಾಳೆ ಎದುರು ವಕೀಲ ಕೇಳಿದರೆ ನಿಮ್ಮ ಹತ್ತಿರ ಉತ್ತರ ಇಲ್ಲ.

ಹೊರಡಿ ಅಂದರೂ ಹೊರಡದೆ, ಬೈಯುತ್ತಾ, ಹೆದರಿಸುತ್ತಾ ಅಲ್ಲೇ ನಿಂತರೆ ಅದು ಅತಿಕ್ರಮ ಪ್ರವೇಶ ಆಗಬಹುದು. ಭಾರತೀಯ ನ್ಯಾಯ ಸಂಹಿತೆ 329. ಒಳಗೆ ಬಂದದ್ದು ಸರಿಯಾಗಿಯೇ ಇದ್ದರೂ, ಬೆದರಿಸುವ, ಅವಮಾನ ಮಾಡುವ ಉದ್ದೇಶದಿಂದ ಹೋಗದೆ ಉಳಿದರೆ ಆ ಕಲಮಿನಲ್ಲಿ ಬರುತ್ತದೆ. ಕುಡಿದು ಸಾರ್ವಜನಿಕ ಜಾಗದಲ್ಲಿ ಉಪದ್ರ ಕೊಟ್ಟರೆ 355: 24 ಗಂಟೆ ತನಕ ಜೈಲು, ಇಲ್ಲವೇ 1000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ, ಈಗ ಸಮುದಾಯ ಸೇವೆಯನ್ನೂ ಸೇರಿಸಿದ್ದಾರೆ. ಹಳೇ ದಂಡ ಸಂಹಿತೆಯಲ್ಲಿ ಇದೇ ತಪ್ಪಿಗೆ ದಂಡ ಇದ್ದದ್ದು 10 ರೂಪಾಯಿ.

ಆದರೆ ಇವೆಲ್ಲ ಪೊಲೀಸರು, ಕೋರ್ಟು ಮಾಡುವ ಕೆಲಸ. ನಿಮ್ಮ ಸಪ್ಲೈಯರ್ ಮಾಡುವುದಲ್ಲ. ಆಸ್ತಿ, ಪ್ರಾಣ ಕಾಪಾಡಿಕೊಳ್ಳಲು ಬಲ ಬಳಸಬಹುದು, ಹೌದು, ಆದರೆ ಅದೇ ನ್ಯಾಯ ಸಂಹಿತೆಯ 37ನೇ ಕಲಮು ನೋಡಿ. ಬೇಕಾದ್ದಕ್ಕಿಂತ ಜಾಸ್ತಿ ಬಲ ಬಳಸುವ ಹಾಗಿಲ್ಲ. ಪೊಲೀಸರನ್ನು ಕರೆಯಲು ಸಮಯ ಇದ್ದರೆ ಬಲ ಬಳಸುವ ಹಾಗೇ ಇಲ್ಲ. ಅವರು ಬಾಟಲಿ ಎತ್ತಿದ್ದರಾ? ಯಾರಿಗಾದರೂ ಹೊಡೆಯಲು ಹೋದರಾ? ನೀವು ಬರೆದದ್ದರಲ್ಲಿ ಹಾಗಿಲ್ಲ. ಹಾಗಾಗಿ ಕಾಲರ್ ಹಿಡಿದದ್ದು, ದೂಡಿದ್ದು, ಗಾಯ ಆದದ್ದು ನಿಮ್ಮ ಕಡೆಯ ತಪ್ಪು. ಗಾಯ ಮಾಡಿದ್ದಕ್ಕೆ 115ನೇ ಕಲಮಿನಲ್ಲಿ ದೂರು ಕೊಡಬಹುದು. ಪರಿಹಾರ ಕೇಳಿದರೆ ಹುಡುಗನ ಜೊತೆ ಮಾಲೀಕನೂ ಬರುತ್ತಾನೆ, ಏಕೆಂದರೆ ಅವನು ಕೆಲಸದ ಮೇಲೆ ಇದ್ದಾಗ ಮಾಡಿದ್ದು.

ಕೀ ವಿಷಯ. ಬೇರೆಯವರ ಕೀ ಕಿತ್ತುಕೊಳ್ಳುವ ಅಧಿಕಾರ ಬಾರಿಗೆ ಇದೆ ಅಂತ ಎಲ್ಲೂ ಬರೆದಿಲ್ಲ. ಆದರೆ ಕುಡಿದು ಗಾಡಿ ಓಡಿಸುವುದು ಅಪರಾಧ. ಮೊದಲ ಸಲಕ್ಕೇ ಆರು ತಿಂಗಳ ತನಕ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ನೀವು ಆಟೋ ಮಾಡಿ ಕಳಿಸಿದಿರಿ, ಮರುದಿನ ಕೀ ಕೊಟ್ಟಿರಿ. ನಾನು ನಿಮ್ಮ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಬಿಲ್ ಬಾಕಿಗೆ ಅಂತ ಕೀ, ಮೊಬೈಲ್ ಇಟ್ಟುಕೊಳ್ಳುವುದು ಬೇರೆ, ಅದನ್ನು ಯಾವತ್ತೂ ಮಾಡಬೇಡಿ. ದುಡ್ಡು ಕೊಡುವ ತನಕ ಬಾಗಿಲು ಹಾಕಿ ಕೂರಿಸುವುದಂತೂ ಅಕ್ರಮ ಬಂಧನ, 127.

ಬೈತಖೋಲ್ ಬೋಟ್

ವಕೀಲ್ರೇ, ನಮ್ಮದೂ ಕೇಳಿ. ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದು ಮೊದಲ ಟ್ರಿಪ್ ಹೋಗಿ ಬಂದ ದಿನ ನಾವು ಆರು ಜನ ಒಂದು ಬಾರಿಗೆ ಹೋದೆವು. 61 ದಿನ ಆದಮೇಲೆ ಕೈಗೆ ದುಡ್ಡು ಬಂದಿತ್ತು. ಎಲ್ಲರೂ ಲುಂಗಿ. ಕೈಕಾಲು ತೊಳೆದಿದ್ದೆವು, ಆದರೂ ಮೀನಿನ ವಾಸನೆ ಅಷ್ಟು ಬೇಗ ಹೋಗುವುದಿಲ್ಲ. ಒಂದು ತೊಟ್ಟೂ ಕುಡಿದಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ "ಎಸಿ ಹಾಲ್ ಫುಲ್" ಅಂದರು. ಗಾಜಿನಲ್ಲಿ ಖಾಲಿ ಟೇಬಲ್ ಕಾಣುತ್ತಿತ್ತು. ನಮ್ಮ ಹಿಂದೆ ಬಂದ ಪ್ಯಾಂಟಿನವರನ್ನು ಒಳಗೆ ಬಿಟ್ಟರು. ಅದೇ ಬಾರಿನಲ್ಲಿ ನಾವು ಹಿಡಿದು ತಂದ ಇಸ್ವಾಣ ಪ್ಲೇಟಿಗೆ ಎಷ್ಟೋ ರೇಟಿಗೆ ಕೊಡುತ್ತಾರೆ. ನಾವು ಗಲಾಟೆ ಮಾಡದೆ ವಾಪಸ್ ಬಂದೆವು. ಅದು ಯಾವ ಹಕ್ಕು?

ಶರಾವತಿ ದಂಡೆ

ಡ್ರೆಸ್ ಕೋಡ್ ಇರಬಹುದಲ್ಲ. ದೊಡ್ಡ ಹೋಟೆಲಿನಲ್ಲಿ ಇರುತ್ತದೆ.

ಬೈತಖೋಲ್ ಬೋಟ್

ಇದ್ದರೆ ಬಾಗಿಲಲ್ಲಿ ಬರೆದು ಹಾಕಲಿ, ಬಾಯಲ್ಲಿ ಹಾಗೇ ಹೇಳಲಿ. ಫುಲ್ ಅಂತ ಸುಳ್ಳು ಯಾಕೆ ಹೇಳಬೇಕು? ಲುಂಗಿ ನಮ್ಮ ಬಟ್ಟೆ ಅಲ್ವಾ? ನಮ್ಮ ಅಪ್ಪ ಸಾಯುವ ತನಕ ಬೇರೆ ಉಟ್ಟಿಲ್ಲ.

ಕುಮಟಾ ಕೋರ್ಟ್

ಬೋಟಿನ ಅಣ್ಣಾ, ನಿಮ್ಮದು ಕಠಿಣ ಪ್ರಶ್ನೆ. ಸಂವಿಧಾನದ 15(2) ಹೇಳುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಮಾತ್ರ ಯಾವ ಪ್ರಜೆಯನ್ನೂ ಅಂಗಡಿ, ಹೋಟೆಲ್, ಮನರಂಜನೆಯ ಜಾಗಗಳಿಗೆ ಬರದಂತೆ ತಡೆಯುವ ಹಾಗಿಲ್ಲ. ಉಳಿದ ಎಷ್ಟೋ ಹಕ್ಕುಗಳು ಸರ್ಕಾರದ ಎದುರು ಮಾತ್ರ, ಇದು ಖಾಸಗಿ ಮಾಲೀಕನ ಮೇಲೂ ಬೀಳುತ್ತದೆ. ಸಂವಿಧಾನ ಸಭೆಯಲ್ಲಿ 1948ರ ನವೆಂಬರಿನಲ್ಲಿ ಇದರ ಚರ್ಚೆ ಆದಾಗ "ಅಂಗಡಿ" ಅಂದರೆ ಏನು ಅಂತ ಕೆಲವರು ಕೇಳಿದರು. ದುಡ್ಡು ತೆಗೆದುಕೊಂಡು ಸೇವೆ ಕೊಡುವ ಯಾರೇ ಆದರೂ ಇದರಲ್ಲಿ ಬರುತ್ತಾರೆ, ಕ್ಷೌರದವನೂ, ಬಟ್ಟೆ ಒಗೆಯುವವನೂ ಅನ್ನುವ ಅರ್ಥದಲ್ಲಿ ಅಂಬೇಡ್ಕರ್ ಉತ್ತರಿಸಿದರು. ಆ ವಿಶಾಲ ಅರ್ಥವನ್ನು 2011ರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡಿಯಿತು.

ಹಾಗಾಗಿ ಶರಾವತಿಯವರೇ, ನಿಮ್ಮ ಬೋರ್ಡಿಗೆ ಅಷ್ಟು ಶಕ್ತಿ ಇಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೆ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆ ಇದೆ, ಅದರಲ್ಲಿ ಶಿಕ್ಷೆ ಆರು ತಿಂಗಳಿಂದ ಐದು ವರ್ಷ. ಲಿಂಗತ್ವ ಅಲ್ಪಸಂಖ್ಯಾತರನ್ನು ಹೊರಗೆ ಹಾಕಿದರೆ 2019ರ ಕಾಯ್ದೆ ಇದೆ. "ಹಕ್ಕು ಕಾಯ್ದಿರಿಸಲಾಗಿದೆ" ಅಂತ ಹಿತ್ತಾಳೆಯಲ್ಲಿ ಕೆತ್ತಿಸಿದರೂ ಇವುಗಳ ಮುಂದೆ ನಡೆಯುವುದಿಲ್ಲ.

ಬಟ್ಟೆ ಮಾತ್ರ ಈ ಪಟ್ಟಿಯಲ್ಲಿ ಇಲ್ಲ. ಪಂಚೆ ಉಟ್ಟವರನ್ನು ಕ್ಲಬ್ಬಿನವರು ತಡೆಯಬಾರದು ಅಂತ ತಮಿಳುನಾಡು 2014ರಲ್ಲಿ ಕಾನೂನನ್ನೇ ಮಾಡಿತು. ನಮ್ಮಲ್ಲಿ ಅಂಥದ್ದು ಇಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ರೈತರನ್ನು ತಡೆದಾಗ ಜನ ಸಿಟ್ಟಾದರು, ಮಾಲನ್ನು ಏಳು ದಿನ ಮುಚ್ಚಿಸುತ್ತೇವೆ ಅಂತ ಸರ್ಕಾರ ಸದನದಲ್ಲಿ ಹೇಳಿತು. ನಿಮ್ಮ ವಿಷಯದಲ್ಲಿ ಲುಂಗಿ ಬರೀ ನೆಪ, ನಿಜವಾದ ಕಾರಣ ಮೀನುಗಾರರ ಜಾತಿ ಅಂತ ತೋರಿಸಲು ಆದರೆ ಕೇಸ್ ಗಟ್ಟಿ ಆಗುತ್ತದೆ. ತೋರಿಸುವುದು ಕಷ್ಟ. ಹಿಂದೆ ಬಂದವರನ್ನು ಒಳಗೆ ಬಿಟ್ಟ ವಿಡಿಯೋ ಇದ್ದರೆ ಸಹಾಯ. ಕಾನೂನು ಬಿಡಿ, ನಿಮ್ಮನ್ನು ಹಾಗೆ ನಿಲ್ಲಿಸಿದ್ದು ಕೇಳಿ ನನಗೆ ಹೊಟ್ಟೆ ಉರಿಯಿತು.

ಘಟ್ಟದ ಮೇಲಿನವಳು, ಶಿರಸಿ

ಲಿಂಗ ಅಂತಲೂ ಬರೆದಿದೆಯಲ್ಲ ವಕೀಲರೇ, ಹಾಗಾದರೆ ನಮ್ಮದು ಕೇಳಿ. ನಾನು, ನನ್ನ ಕಾಲೇಜು ಗೆಳತಿ, ಇಬ್ಬರಿಗೂ ಮೂವತ್ತೈದು ದಾಟಿದೆ. ಒಂದು ಬಾರ್ ಅಂಡ್ ರೆಸ್ಟೋರೆಂಟಿಗೆ ಹೋಗಿ ಎರಡು ಬಿಯರ್ ಕೇಳಿದೆವು. "ಲೇಡೀಸ್‌ಗೆ ಕೊಡಲ್ಲ ಮೇಡಂ, ಗಂಡಸರು ಜೊತೆಗೆ ಇದ್ದರೆ ಫ್ಯಾಮಿಲಿ ರೂಮಿನಲ್ಲಿ ಕೊಡ್ತೇವೆ" ಅಂದರು. ನಮ್ಮ ಒಳ್ಳೆಯದಕ್ಕೇ ಅಂತ ಬೇರೆ ಹೇಳಿದರು. ಆ ಹಾಲಿನಲ್ಲಿ ಕುಡಿದು ಕೂಗಾಡುತ್ತಿದ್ದವರು ಗಂಡಸರೇ, ಅವರನ್ನು ಯಾರೂ ಎಬ್ಬಿಸಲಿಲ್ಲ. ಎದ್ದು ಬಂದದ್ದು ನಾವು.

ಕುಮಟಾ ಕೋರ್ಟ್

ಅಕ್ಕಾ, ಅದು 15(2)ಕ್ಕೆ ನೇರ ವಿರುದ್ಧ. ಕೊಡದೆ ಇದ್ದದ್ದಕ್ಕೆ ಅವರು ಹೇಳಿದ ಕಾರಣವೇ ನೀವು ಹೆಂಗಸರು ಅನ್ನುವುದು. "ನಿಮ್ಮ ಸುರಕ್ಷತೆಗೆ" ಅನ್ನುವ ಮಾತನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಒಪ್ಪಲಿಲ್ಲ. ಅನುಜ್ ಗರ್ಗ್ ಕೇಸ್. ಬಾರಿನಲ್ಲಿ ಹೆಂಗಸರು ಕೆಲಸ ಮಾಡಬಾರದು ಅಂತ ಇದ್ದ ಪಂಜಾಬಿನ ಕಲಮನ್ನು ಹೊಡೆದುಹಾಕಿದರು. ಸುರಕ್ಷತೆ ಬೇಕಾದರೆ ಜಾಗವನ್ನು ಸುರಕ್ಷಿತ ಮಾಡಬೇಕು, ಹೆಂಗಸರನ್ನು ಹೊರಗಿಡುವುದಲ್ಲ. ಅದು ಕೆಲಸದ ವಿಷಯದ ತೀರ್ಪು, ಆದರೆ ನಿಮಗೂ ಅದೇ ತರ್ಕ ನಡೆಯುತ್ತದೆ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದಾ ಅಂತ ಕೇಳುವವರಿಗೆ: ದುಡ್ಡು ಕೊಟ್ಟು ಸೇವೆ ಪಡೆದಿದ್ದರೆ ಅಲ್ಲಿ ದಾರಿ ಸುಲಭ, 5 ಲಕ್ಷದ ತನಕ ಶುಲ್ಕವೂ ಇಲ್ಲ. ಬಾಗಿಲಲ್ಲೇ ವಾಪಸ್ ಕಳಿಸಿದ್ದರೆ ಅಷ್ಟು ಸುಲಭ ಅಲ್ಲ.

ಗೋಕರ್ಣ ಸಪ್ಲೈಯರ್

ನಾನು ಹನ್ನೊಂದು ವರ್ಷದಿಂದ ಟೇಬಲ್ ನೋಡುವವನು. ಆ ಹೊಸ ಹುಡುಗನ ಬಗ್ಗೆ ಎರಡು ಮಾತು. ಅವನನ್ನು ಬೈಯಬೇಡಿ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನಮಗೆಲ್ಲ ಮೊದಲ ದಿನ ಪೆಗ್ ಅಳೆಯೋದು ಹೇಳಿಕೊಡುತ್ತಾರೆ, ಕುಡಿದವರನ್ನು ಎಬ್ಬಿಸೋದು ಹೇಳಿಕೊಡುವುದಿಲ್ಲ.

ನಾನು ಮಾಡುವುದು ಹೀಗೆ. ಕೊಡಲ್ಲ ಅಂತ ಟೇಬಲಿನ ಎದುರು ಯಾವತ್ತೂ ನಿಂತು ಹೇಳುವುದಿಲ್ಲ. ಪಕ್ಕದಲ್ಲಿ ಬಗ್ಗಿ, ಕಿವಿಗೆ ಕೇಳುವಷ್ಟು ಮಾತ್ರ, "ಅಣ್ಣಾ, ಇವತ್ತಿಗೆ ಸಾಕು, ಊಟ ತರ್ತೇನೆ" ಅಂತೇನೆ. ಬಿಲ್ಲಿಗೂ ಮೊದಲು ಒಂದು ಲೋಟ ನೀರು ಇಡುತ್ತೇನೆ. ಜೊತೆಗೆ ಗೆಳೆಯರು ಇದ್ದರೆ ಅವರಲ್ಲಿ ಕಡಿಮೆ ಕುಡಿದವನನ್ನು ಹೊರಗೆ ಕರೆದು ಹೇಳುತ್ತೇನೆ, ಅವನು ಹೇಳಿದರೆ ಕೇಳುತ್ತಾರೆ. ಕೈ ಮುಟ್ಟುವುದಿಲ್ಲ. ಬೀಳುವ ಹಾಗಿದ್ದರೆ ಮಾತ್ರ ತೋಳಿನ ಕೆಳಗೆ ಕೈ ಕೊಡುತ್ತೇನೆ. ಕಾಲರ್ ಮುಟ್ಟಿದರೆ ಕುಡಿದವನಿಗೂ ಮಾನ ಹೋಯಿತು ಅನಿಸುತ್ತದೆ, ಆಮೇಲೆ ಅವನು ದುಡ್ಡಿಗಲ್ಲ, ಮಾನಕ್ಕೆ ಜಗಳ ಆಡುತ್ತಾನೆ. ಕೇಳದಿದ್ದರೆ 112. ಬೀಚ್ ಕಡೆ ಪೊಲೀಸರು ಬರುವುದು ಸ್ವಲ್ಪ ತಡ, ಆದರೂ "ಫೋನ್ ಮಾಡಿದ್ದೇವೆ" ಅಂದರೆ ಅರ್ಧ ಜನ ಎದ್ದು ಹೋಗುತ್ತಾರೆ. ಪ್ರಜ್ಞೆ ತಪ್ಪಿದರೆ 108, ಒಂದು ಮಗ್ಗುಲಿಗೆ ಮಲಗಿಸಿ, ರಸ್ತೆಯಲ್ಲಿ ಬಿಡಬೇಡಿ.

ಮೆಟ್ಟಿಲಿಗೆ ಒಂದು ಒರಟು ಟೈಲ್ಸ್ ಹಾಕಿಸಿ. ಇದು ಯಾವ ಕಾನೂನೂ ಅಲ್ಲ, ಆದರೆ ಮಳೆಗಾಲ.

ಶರಾವತಿ ದಂಡೆ

ಒಪ್ಪುತ್ತೇನೆ, ನಾನು ಅವಸರದಲ್ಲಿ ಬರೆದೆ. ನಮ್ಮ ಅಣ್ಣನ ಲಾಡ್ಜಿನಲ್ಲೂ ಅದೇ ಬೋರ್ಡ್ ಇದೆ. ಅದಕ್ಕೆ ಇಷ್ಟೇ ಬೆಲೆ ಅಂತ ಗೊತ್ತಿರಲಿಲ್ಲ. ಆದರೆ ಒಂದು ಪ್ರಶ್ನೆ. ಕಾರಣ ಹೇಳಲೇಬೇಕಾ? ಹೋದ ತಿಂಗಳು ಗಲಾಟೆ ಮಾಡಿದವನು ಇವತ್ತು ಚೆನ್ನಾಗೇ ಬಂದರೆ ಬೇಡ ಅನ್ನಬಹುದಾ?

ಕುಮಟಾ ಕೋರ್ಟ್

ಅನ್ನಬಹುದು. ಹಿಂದಿನ ನಡತೆ ಸಾಕಷ್ಟು ಕಾರಣ. ಬರೆದು ಕೊಡಬೇಕೆಂದು ಕಾನೂನು ಕೇಳುವುದಿಲ್ಲ, ಆದರೆ ನೀವು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಏನಾಯಿತು, ಯಾರು ನೋಡಿದರು ಅಂತ ಬರೆದಿಡಿ. ಕ್ಯಾಮೆರಾ ಇದ್ದರೆ ಆ ಭಾಗ ಅಳಿಸಿ ಹೋಗುವ ಮೊದಲು ತೆಗೆದಿಡಿ. ನಾಳೆ ಅವನು "ನನ್ನ ಜಾತಿಗೆ ತಡೆದರು" ಅಂದರೆ ಆ ಪುಸ್ತಕ ಮಾತಾಡುತ್ತದೆ. ಎಲ್ಲರಿಗೂ ಒಂದೇ ಅಳತೆ ಇರಬೇಕು, ಅದು ಮುಖ್ಯ.

ಕೌಂಟರ್ ಹುಡುಗ, ಕಾರವಾರ

ಎಲ್ಲರದ್ದೂ ಎರಡೆರಡು ಸಲ ಓದಿದೆ. ನಿನ್ನೆ ಮಾವನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿದ್ದೆ. ಅವರು ಮನೆಯಲ್ಲಿ ಇರಲಿಲ್ಲ, ಗಾಯಕ್ಕೆ ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋಗಿದ್ದರು. ಅವರ ಹೆಂಡತಿ ಬಂದರು. ಮಾವ "ನಮ್ಮ ಹುಡುಗನ ತಪ್ಪಾಯಿತು ಅಕ್ಕಾ, ಆಸ್ಪತ್ರೆ ಖರ್ಚು ನಮ್ಮದು" ಅಂದರು. ಅವರು ಚಪ್ಪಲಿ ತೆಗೆದುಕೊಂಡು ನಲ್ಲಿ ಹತ್ತಿರ ಇಟ್ಟರು. ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಹೇಳಿದರು, "ದೂಡಿದ್ದು ತಪ್ಪು. ಕೊಡದೆ ಇದ್ದದ್ದು ತಪ್ಪಲ್ಲ. ಇವರಿಗೆ ಕೊಡಬೇಡಿ ಅಂತ ನಿಮ್ಮಲ್ಲಿಗೆ ಬಂದು ಹೇಳಬೇಕು ಅಂತ ಎರಡು ವರ್ಷದಿಂದ ಅಂದುಕೊಂಡಿದ್ದೇನೆ. ಬಾರಿನ ಬಾಗಿಲಿಗೆ ಬರೋಕೆ ಆಗಲಿಲ್ಲ."

ವಕೀಲ್ರೇ, ಮನೆಯವರು ಹೀಗೆ ಕೇಳಿಕೊಂಡರೆ ನಾವು ಏನು ಮಾಡಬೇಕು? ಆ ಗಿರಾಕಿಯೇ ಬಂದು ದುಡ್ಡು ಇಟ್ಟರೆ?

ಕುಮಟಾ ಕೋರ್ಟ್

ಮನೆಯವರ ಮಾತು ಕೇಳಲೇಬೇಕು ಅನ್ನುವ ಕಾನೂನು ಇಲ್ಲ. ದೊಡ್ಡವರು, ತಮ್ಮ ನಿರ್ಧಾರ ತಾವೇ ಮಾಡಬಹುದು. ಆದರೆ ಕೊಡಲೇಬೇಕು ಅನ್ನುವ ಕಾನೂನೂ ಇಲ್ಲ. ಅಲ್ಲಿ ನಿಮ್ಮ ಮಾವನೇ ತೀರ್ಮಾನ ಮಾಡಬೇಕು.

ಅಬಕಾರಿಯಲ್ಲಿದ್ದವ, ಅಂಕೋಲಾ

ನೀನು ಕೊಡದಿದ್ದರೆ ಬೇರೆ ಕಡೆ ಹೋಗುತ್ತಾರೆ ಅಂತ ಹೇಳುವವರು ಇರುತ್ತಾರೆ. ಹೋಗಲಿ. ಆದರೆ ಬಾಗಿಲು ಪೂರ್ತಿ ಹಾಕಬೇಡ ತಮ್ಮಾ, ಊಟಕ್ಕೆ ಬರಲು ಹೇಳು.

ಕೌಂಟರ್ ಹುಡುಗ, ಕಾರವಾರ

ಮಾವನೂ ಅದೇ ಹೇಳಿದರು. ಇವತ್ತು ಸಂಜೆ ಅವರು ಬಂದಿದ್ದರು, ಸ್ಕೂಟರ್ ಇಲ್ಲದೆ, ನಡೆದುಕೊಂಡು, ಮೊಣಕಾಲಿಗೆ ಪಟ್ಟಿ ಇತ್ತು. ಸಪ್ಲೈಯರ್ ಹುಡುಗ ಹೋಗಿ ಕಾಲು ಮುಟ್ಟಿದ. ಅವರು "ಬಿಡೋ" ಅಂದರು, ನಾಲ್ಕನೇ ಟೇಬಲಿನಲ್ಲಿ ಕೂತರು. ನಾನು ಹತ್ತಿರ ಹೋಗಿ ಬಗ್ಗಿ "ಇವತ್ತು ಊಟ ಮಾತ್ರ ಅಣ್ಣಾ" ಅಂದೆ. ನನ್ನ ಮುಖ ನೋಡಿದರು. ಕಿಟಕಿ ಕಡೆ ತಿರುಗಿದರು. ಸ್ವಲ್ಪ ಹೊತ್ತಾದ ಮೇಲೆ ಬಾಂಗಡೆ ಇದೆಯಾ ಅಂತ ಕೇಳಿದರು.